ಫೋಲೇಟ್ ಟೆಸ್ಟ್: ಆ ಒಂದು ಅಂಕಿಯನ್ನು ಒಂಟಿಯಾಗಿ ಓದಬೇಡಿ

ಲ್ಯಾಬ್‌ನವರು ವಾಟ್ಸಾಪ್‌ಗೆ ಪಿಡಿಎಫ್ ಕಳಿಸುತ್ತಾರೆ. ತೆರೆದರೆ ಹತ್ತಾರು ಪುಟ. ಅದನ್ನು ಮೊದಲಿಂದ ಯಾರೂ ಓದೋದಿಲ್ಲ, ಎಲ್ಲಿ ದಪ್ಪ ಅಕ್ಷರ ಇದೆಯೋ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ. ವಿಟಮಿನ್‌ಗಳ ಪುಟದಲ್ಲಿ 'ಸೀರಮ್ ಫೋಲೇಟ್' ಅಂತ ಒಂದು ಸಾಲು ಇರುತ್ತದೆ, ಕೆಲವು ಲ್ಯಾಬ್‌ಗಳು ಅದನ್ನೇ 'ಫೋಲಿಕ್ ಆಸಿಡ್' ಅಂತ ಹಾಕುತ್ತವೆ. ಅದರ ಎದುರಿಗೆ 3.2. ಪಕ್ಕದಲ್ಲಿ ಕಮ್ಮಿ ಅನ್ನೋ ಗುರುತು. ಅಷ್ಟು ಸಾಕು, ಸಂಜೆಯೊಳಗೆ ಮೆಡಿಕಲ್ ಶಾಪ್‌ನಿಂದ ಒಂದು ಸ್ಟ್ರಿಪ್ ಹಳದಿ ಮಾತ್ರೆ ಮನೆಗೆ ಬಂದಿರುತ್ತದೆ.

ಮಾತ್ರೆ ಅಗ್ಗ, ಸಾಮಾನ್ಯವಾಗಿ ಅದರಿಂದ ತೊಂದರೆಯೂ ಇಲ್ಲ. ಆದರೂ ಈ ಆತುರ ಬೇಡ. ಯಾಕೆ ಅಂದ್ರೆ ಆ 3.2 ಒಂಟಿಯಾಗಿ ಹೇಳೋದು ಬಹಳ ಕಮ್ಮಿ. ಬಿ12 ಎಷ್ಟಿದೆ, ಸಿಬಿಸಿ (ರಕ್ತಕಣಗಳ ಲೆಕ್ಕ ಕೊಡೋ ಟೆಸ್ಟ್) ಹೇಗಿದೆ, ರಕ್ತ ಕೊಡೋ ಹಿಂದಿನ ವಾರ ಏನು ತಿಂದಿರಿ, ಯಾವ್ಯಾವ ಮಾತ್ರೆ ನುಂಗುತ್ತಿದ್ದಿರಿ, ಇಷ್ಟನ್ನೂ ಜೊತೆಗಿಟ್ಟುಕೊಂಡು ನೋಡಿದಾಗ ಮಾತ್ರ ಅದಕ್ಕೊಂದು ಅರ್ಥ ಬರುತ್ತದೆ. ಬಿ12 ನೋಡದೇ ಫೋಲಿಕ್ ಆಸಿಡ್ ಶುರು ಮಾಡಿದರೆ ಕೆಲವರಿಗೆ ನರಗಳಿಗೇ ಪೆಟ್ಟು ಬೀಳುವ ಸಾಧ್ಯತೆ ಇದೆ. ಅದು ಹೇಗೆ ಅಂತ ಮುಂದೆ ಬರುತ್ತದೆ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ಸೊಪ್ಪು, ಕಾಳು, ಈರುಳ್ಳಿ ಹೂವು, ಮೇಕೆ ಲಿವರ್ ಇಂಥದ್ದರಲ್ಲಿ ಸಹಜವಾಗಿ ಇರೋದು ಫೋಲೇಟ್. ಫ್ಯಾಕ್ಟರಿಯಲ್ಲಿ ತಯಾರಾಗಿ ಮಾತ್ರೆಯಲ್ಲಿ ಇರೋದು ಫೋಲಿಕ್ ಆಸಿಡ್. ಎರಡನ್ನೂ ಸೇರಿಸಿ ವಿಟಮಿನ್ ಬಿ9 ಅನ್ನುತ್ತಾರೆ. ಲ್ಯಾಬ್ ಯಾವ ಹೆಸರು ಹಾಕಿದರೂ ಅಳೆಯೋದು ರಕ್ತದಲ್ಲಿರುವ ಫೋಲೇಟನ್ನೇ.

ಅದು ಮಾಡೋ ಕೆಲಸ

ಜೀವಕೋಶ ಒಂದು ಎರಡಾಗಬೇಕಾದರೆ ಡಿಎನ್‌ಎಯ ಇನ್ನೊಂದು ಪ್ರತಿ ಬೇಕು. ಆ ಪ್ರತಿ ತಯಾರಿಸೋಕೆ ಫೋಲೇಟ್ ಬೇಕು. ಹಾಗಾಗಿ ಎಲ್ಲಿ ಕೋಶಗಳು ಬೇಗ ಬೇಗ ಹುಟ್ಟುತ್ತವೋ ಅಲ್ಲಿ ಕೊರತೆ ಮೊದಲು ಕಾಣಿಸುತ್ತದೆ. ನಾಲಿಗೆ ಕೆಂಪಗಾಗಿ ಉರಿಯೋದು, ಬಾಯಿ ಹುಣ್ಣು ಪದೇ ಪದೇ ಬರೋದು ಇದೇ ಕಾರಣಕ್ಕೆ. ಆದರೆ ನಿಜವಾದ ಹೊಡೆತ ಬೀಳೋದು ಮೂಳೆಯೊಳಗಿನ ಮಜ್ಜೆಗೆ. ಅಲ್ಲಿ ಒಂದು ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ತಯಾರಾಗುತ್ತವೆ. ಫೋಲೇಟ್ ಸಾಲದೇ ಹೋದರೆ ಕಣದ ಮೈ ಬೆಳೆಯುತ್ತಾ ಹೋಗುತ್ತದೆ, ಒಳಗಿನ ಕೇಂದ್ರ ಮಾತ್ರ ಹಿಂದೆ ಬೀಳುತ್ತದೆ, ಕಣ ಹೊತ್ತಿಗೆ ಸರಿಯಾಗಿ ಒಡೆದು ಎರಡಾಗೋದಿಲ್ಲ. ಕೊನೆಗೆ ಹೊರಬರೋದು ಸಂಖ್ಯೆಯಲ್ಲಿ ಕಮ್ಮಿ, ಗಾತ್ರದಲ್ಲಿ ದೊಡ್ಡ ಕಣಗಳು. ಡಾಕ್ಟರುಗಳು ಮೆಗಾಲೋಬ್ಲಾಸ್ಟಿಕ್ ಅನೀಮಿಯಾ ಅನ್ನೋದು ಇದಕ್ಕೇ.

ಇದು ಗೊತ್ತಾಗಿದ್ದು ನಮ್ಮ ದೇಶದಲ್ಲೇ ಅನ್ನೋದು ಅನೇಕರಿಗೆ ಗೊತ್ತಿಲ್ಲ. 1928ರಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ವೈದ್ಯೆ ಬಾಂಬೆಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ಕೆಲಸ ಮಾಡುತ್ತಿದ್ದ ಬಡ ಹೆಂಗಸರಿಗೆ ಬಸುರಿಯಾದಾಗ ವಿಪರೀತ ರಕ್ತಹೀನತೆ ಆಗುತ್ತಿತ್ತು, ಅದು ಯಾಕೆ ಅಂತ ಹುಡುಕೋದು ಅವರ ಕೆಲಸ. ಆ ಹೆಂಗಸರು ಏನು ತಿನ್ನುತ್ತಾರೆ ಅಂತ ನೋಡಿದರು, ಕೋತಿಗಳಿಗೂ ಅಂಥದ್ದೇ ಆಹಾರ ಕೊಟ್ಟು ಪರೀಕ್ಷೆ ಮಾಡಿದರು. ಗುಣ ಮಾಡಿದ್ದು ಯಾವುದು ಗೊತ್ತಾ? ಬ್ರೆಡ್ಡಿಗೆ ಸವರಿ ತಿನ್ನೋ ಮಾರ್ಮೈಟ್, ಅಂದರೆ ಯೀಸ್ಟ್‌ನಿಂದ ಮಾಡುವ ಕಪ್ಪು ಅಂಟು. 1931ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಒಳಗಿರೋ ವಸ್ತು ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ, ಸುಮ್ನೆ 'ವಿಲ್ಸ್ ಫ್ಯಾಕ್ಟರ್' ಅಂತ ಕರೆದರು. ಮುಂದೆ 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಲ್ಯಾಬ್‌ನಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡವನ್ನು ನಡೆಸಿದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ರಕ್ತದ ಯಾವ ಭಾಗದಲ್ಲಿ ಅಳೆದರು?

ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ. ಫೋಲೇಟ್ ಟೆಸ್ಟ್ ಎರಡು ಬಗೆ. ಒಂದು ಸೀರಮ್ ಫೋಲೇಟ್. ರಕ್ತದಿಂದ ಕಣಗಳನ್ನೆಲ್ಲ ಬೇರೆ ಮಾಡಿ ಉಳಿದ ತಿಳಿ ದ್ರವದಲ್ಲಿ ಅಳೆಯೋದು. ಇನ್ನೊಂದು ಆರ್‌ಬಿಸಿ ಫೋಲೇಟ್. ಕೆಂಪು ಕಣಗಳ ಒಳಗೆ ಎಷ್ಟಿದೆ ಅಂತ ನೋಡೋದು. ನಮ್ಮಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸಲ ಮಾಡೋದು ಮೊದಲನೆಯದನ್ನೇ ಅಂದ್ಕೊಳ್ಳಿ.

ಶುಗರ್ ಇರೋ ಮನೆಯವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ. ಖಾಲಿ ಹೊಟ್ಟೆ ಶುಗರ್ ಇವತ್ತಿನ ಮಾತು, ಎಚ್‌ಬಿಎ1ಸಿ ಮೂರು ತಿಂಗಳ ಮಾತು, ಅಲ್ವಾ? ಹಾಗೇ ಸೀರಮ್ ಫೋಲೇಟ್ ಹೇಳೋದು ಕಳೆದ ಕೆಲವು ದಿನಗಳ ಊಟದ ಕಥೆ. ಆರ್‌ಬಿಸಿ ಫೋಲೇಟ್ ಹೇಳೋದು ಕಳೆದ ಮೂರ್ನಾಲ್ಕು ತಿಂಗಳ ಕಥೆ. ಕೆಂಪು ಕಣ ಮಜ್ಜೆಯಲ್ಲಿ ತಯಾರಾಗುವಾಗ ಎಷ್ಟು ಫೋಲೇಟ್ ತುಂಬಿಕೊಂಡಿತೋ ಅಷ್ಟೇ, ಆಮೇಲೆ ಅದರ 120 ದಿನದ ಆಯುಸ್ಸು ಪೂರ್ತಿ ಅದನ್ನೇ ಹೊತ್ತುಕೊಂಡು ತಿರುಗುತ್ತದೆ.

ಇದನ್ನು ಮೈಮೇಲೆ ಪ್ರಯೋಗ ಮಾಡಿಕೊಂಡೇ ತೋರಿಸಿದವರು ಒಬ್ಬರಿದ್ದಾರೆ. 1961ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ವಿಕ್ಟರ್ ಹರ್ಬರ್ಟ್ ಅನ್ನೋ ಡಾಕ್ಟರು ಫೋಲೇಟ್ ಇಲ್ಲದ ಊಟ ಮಾಡಿದರೆ ಏನಾಗುತ್ತದೆ ನೋಡೇಬಿಡೋಣ ಅಂತ ಹೊರಟರು. ತಿನ್ನೋದನ್ನೆಲ್ಲ ಮೂರು ಮೂರು ಸಲ ಬೇಯಿಸೋದು, ಪ್ರತಿ ಸಲವೂ ನೀರು ಚೆಲ್ಲೋದು. ರುಚಿ ಹೇಗಿತ್ತೋ ದೇವರಿಗೇ ಗೊತ್ತು. ಮೂರು ವಾರಕ್ಕೆ ಸೀರಮ್ ಫೋಲೇಟ್ ಇಳಿಯಿತು. ಆಗ ಅವರಿಗೆ ಏನೂ ಆಗಿರಲಿಲ್ಲ, ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದರು. ಏಳನೇ ವಾರದ ಹೊತ್ತಿಗೆ ಬಿಳಿ ರಕ್ತಕಣಗಳ ಆಕಾರದಲ್ಲಿ ವ್ಯತ್ಯಾಸ ಕಾಣಿಸಿತು. ಕೆಂಪು ಕಣದೊಳಗಿನ ಫೋಲೇಟ್ ಇಳಿಯೋಕೆ ಸುಮಾರು ನಾಲ್ಕು ತಿಂಗಳು ಬೇಕಾಯಿತು. ನಿಜವಾದ ರಕ್ತಹೀನತೆ ಬಂದಿದ್ದು ನಾಲ್ಕೂವರೆ ತಿಂಗಳಿಗೆ.

ಈಗ ನಿಮ್ಮ 3.2ಕ್ಕೆ ಬನ್ನಿ. ಅದು ಹರ್ಬರ್ಟ್‌ರ ಮೂರನೇ ವಾರವೋ, ನಾಲ್ಕನೇ ತಿಂಗಳೋ? ಸೀರಮ್ ಅಂಕಿ ನೋಡಿ ಅದನ್ನು ಹೇಳೋಕೆ ಆಗೋದಿಲ್ಲ. ಹತ್ತು ದಿನ ಜ್ವರ ಬಂದು ಬರೀ ಗಂಜಿ ಕುಡಿದವರಿಗೂ ಅದು ಇಳಿಯುತ್ತದೆ. ವರ್ಷಗಟ್ಟಲೆ ಕೊರತೆ ಇದ್ದವರು ರಕ್ತ ಕೊಡೋ ಹಿಂದಿನ ದಿನ ಎರಡು ಹೊತ್ತು ಚೆನ್ನಾಗಿ ಸೊಪ್ಪಿನ ಸಾರು ಉಂಡಿದ್ದರೆ ನಾರ್ಮಲ್ ಬಂದರೂ ಬರಬಹುದು. ಆಸ್ಪತ್ರೆಯಲ್ಲಿ ಎರಡು ಮೂರು ದಿನ ಊಟ ಮಾಡಿದ ಮೇಲೆ ತೆಗೆದ ರಕ್ತದಲ್ಲಿ ಕೊರತೆ ಮುಚ್ಚಿಹೋಗಿರೋದೂ ಉಂಟು.

ಹಾಗಿದ್ದರೆ ಎಲ್ಲರೂ ಆರ್‌ಬಿಸಿ ಫೋಲೇಟನ್ನೇ ಮಾಡಿಸಬಹುದಲ್ಲ? ಕಾಗದದ ಮೇಲೆ ಅದೇ ಸರಿ. ಆದರೆ ಕಣಗಳನ್ನು ಒಡೆದು ಅಳೆಯಬೇಕು, ಖರ್ಚು ಜಾಸ್ತಿ, ಫಲಿತಾಂಶ ಲ್ಯಾಬ್‌ನಿಂದ ಲ್ಯಾಬ್‌ಗೆ ಏರುಪೇರಾಗುತ್ತದೆ. ಮೇಲಾಗಿ ಬಿ12 ಕಮ್ಮಿ ಇದ್ದರೂ ಇದು ಇಳಿಯುತ್ತದೆ, ಅಲ್ಲಿಗೆ ಮತ್ತೆ ಗೊಂದಲ. ಅಮೆರಿಕದ ಲ್ಯಾಬ್ ವೈದ್ಯರ ಸಂಘವಂತೂ ಆರ್‌ಬಿಸಿ ಫೋಲೇಟ್ ಟೆಸ್ಟ್ ಬರೆಯಲೇಬೇಡಿ ಅಂತ ಹೇಳಿಬಿಟ್ಟಿದೆ.

ಅಂಕಿಗಳು

ನಮ್ಮ ಲ್ಯಾಬ್‌ಗಳು ಬಹುತೇಕ ಕೊಡೋದು ಒಂದು ಮಿಲಿಲೀಟರ್‌ಗೆ ಇಷ್ಟು ನ್ಯಾನೋಗ್ರಾಂ ಅನ್ನೋ ಲೆಕ್ಕದಲ್ಲಿ. ಸಾಮಾನ್ಯವಾಗಿ 4ಕ್ಕಿಂತ ಮೇಲಿದ್ದರೆ ಸಾಕಷ್ಟಿದೆ, 2ಕ್ಕಿಂತ ಕೆಳಗಿದ್ದರೆ ಕೊರತೆ, ನಡುವೆ ಇದ್ದರೆ ಅಂಚಿನಲ್ಲಿದೆ ಅಂತ ಓದುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕದಲ್ಲಿ 3, ಇನ್ನೊಂದು ಲೆಕ್ಕದಲ್ಲಿ 4 ಅನ್ನು ಗೆರೆಯಾಗಿ ಇಟ್ಟಿದೆ. ಯಂತ್ರಕ್ಕೆ ತಕ್ಕಂತೆ ಲ್ಯಾಬ್‌ಗಳ ಗೆರೆಯೂ ಬದಲಾಗುತ್ತದೆ, ಅದಕ್ಕೇ ಪಕ್ಕದ ಮನೆಯವರ ರಿಪೋರ್ಟ್‌ನ ರೇಂಜ್ ಹಿಡಿದು ನಿಮ್ಮದನ್ನು ಅಳೆಯಬೇಡಿ.

ಹೊರದೇಶದಲ್ಲಿ ಇರೋರ ರಿಪೋರ್ಟ್ ನೋಡುವಾಗ ಇನ್ನೊಂದು ಎಡವಟ್ಟು ಆಗುತ್ತದೆ. ಆಸ್ಟ್ರೇಲಿಯಾದಲ್ಲಿ ಇರೋ ಮಗಳು ನನಗೆ 9 ಬಂತು ಅಂತಾಳೆ, ಇಲ್ಲಿ ಅಮ್ಮನಿಗೆ 4 ಬಂದಿದೆ, ಅಯ್ಯೋ ನಿನಗಿಂತ ಅರ್ಧವೂ ಇಲ್ಲ ಅಂತ ಗಾಬರಿ. ಅಲ್ಲಿ ಅಳೆಯೋದು ಒಂದು ಲೀಟರ್‌ಗೆ ಇಷ್ಟು ನ್ಯಾನೋಮೋಲ್ ಅಂತ. ನಮ್ಮ ಅಂಕಿಯನ್ನು 2.27ರಿಂದ ಗುಣಿಸಿದರೆ ಅವರ ಅಂಕಿ ಬರುತ್ತದೆ. ಗುಣಿಸಿ ನೋಡಿ, ಅಮ್ಮ ಮಗಳು ಇಬ್ಬರದೂ ಒಂದೇ.

ಇನ್ನು '20ಕ್ಕಿಂತ ಜಾಸ್ತಿ' ಅಂತಲೋ '24ಕ್ಕಿಂತ ಜಾಸ್ತಿ' ಅಂತಲೋ ಬಂದರೆ ಅದು ಯಂತ್ರ ಅಳೆಯೋ ಮಿತಿ ಮುಗಿಯಿತು ಅಂತ ಅಷ್ಟೇ. ಬಹುತೇಕ ಸಲ ಅದರ ಹಿಂದೆ ಒಂದು ಮಲ್ಟಿವಿಟಮಿನ್ ಮಾತ್ರೆ ಇರುತ್ತದೆ. ಕೇಳಿದರೆ "ನಾನು ಯಾವ ಮಾತ್ರೆನೂ ತಗೊಳ್ಳಲ್ಲ" ಅಂತಾರೆ, ಆಮೇಲೆ ಮೆಲ್ಲಗೆ "ಕೂದಲು ಉದುರುತ್ತೆ ಅಂತ ಒಂದು ಕ್ಯಾಪ್ಸೂಲ್ ಮಾತ್ರ" ಅಂತ ಹೊರಗೆ ಬರುತ್ತದೆ.

ಬಿ12 ಇಲ್ಲದೆ ಈ ಮಾತು ಮುಗಿಯೋದಿಲ್ಲ

ಫೋಲೇಟ್ ರಕ್ತದಲ್ಲಿ ಓಡಾಡೋದು ಮೀಥೈಲ್ ಅನ್ನೋ ಒಂದು ತುಣುಕನ್ನು ಅಂಟಿಸಿಕೊಂಡ ರೂಪದಲ್ಲಿ. ಕೋಶದೊಳಗೆ ಹೋದ ಮೇಲೆ ಆ ತುಣುಕನ್ನು ಬಿಚ್ಚಿ ಬೇರೆ ಕಡೆ ದಾಟಿಸಬೇಕು, ಆಗಲೇ ಫೋಲೇಟ್ ಕೆಲಸಕ್ಕೆ ಬರೋದು. ಬಿಚ್ಚೋಕೆ ಬಿ12 ಬೇಕು. ಬಿ12 ಇಲ್ಲ ಅಂದ್ರೆ ಫೋಲೇಟ್ ಬೇಕಾದಷ್ಟಿದ್ದರೂ ಆ ರೂಪದಲ್ಲೇ ಸಿಕ್ಕಿಹಾಕಿಕೊಂಡು ಕೂರುತ್ತದೆ, ಕೋಶದಲ್ಲಿ ನಿಲ್ಲದೆ ರಕ್ತಕ್ಕೆ ವಾಪಸ್ ಬರುತ್ತದೆ. ಪರಿಣಾಮ ವಿಚಿತ್ರ. ಮಜ್ಜೆ ಫೋಲೇಟ್ ಇಲ್ಲ ಅಂತ ಒದ್ದಾಡುತ್ತಿರುತ್ತದೆ, ರಿಪೋರ್ಟ್‌ನಲ್ಲಿ ಸೀರಮ್ ಫೋಲೇಟ್ ನಾರ್ಮಲ್, ಇಲ್ಲವೇ ಜಾಸ್ತಿ! ಹಾಗಾಗಿ ದೊಡ್ಡ ಕಣದ ರಕ್ತಹೀನತೆ ಇದ್ದು ಫೋಲೇಟ್ ಮಾತ್ರ ಚೆನ್ನಾಗಿದೆ ಅಂದ್ರೆ ಖುಷಿಪಡಬೇಡಿ, ಬಿ12 ಕಡೆ ನೋಡಿ.

ಅಪಾಯ ಇರೋದು ಇದರ ಇನ್ನೊಂದು ಮಗ್ಗುಲಲ್ಲಿ. ಮಾತ್ರೆಯ ಫೋಲಿಕ್ ಆಸಿಡ್ ಬೇರೆ ದಾರಿಯಲ್ಲಿ ಕೋಶದೊಳಗೆ ಕೆಲಸಕ್ಕೆ ಇಳಿಯುತ್ತದೆ, ಅದಕ್ಕೆ ಬಿ12ರ ಹಂಗಿಲ್ಲ. ಬಿ12 ಕೊರತೆ ಇರೋರು ದಿನಕ್ಕೆ 5 ಮಿಲಿಗ್ರಾಂ ಮಾತ್ರೆ ನುಂಗಿದರೆ ಹಿಮೋಗ್ಲೋಬಿನ್ ಏರುತ್ತದೆ, ಸುಸ್ತು ಕಮ್ಮಿ ಆಗುತ್ತದೆ, ಎಲ್ಲರೂ ಸಮಾಧಾನ ಆಗುತ್ತಾರೆ. ನರಗಳಿಗೆ ಮಾತ್ರ ಬಿ12ನೇ ಬೇಕು, ಫೋಲಿಕ್ ಆಸಿಡ್ ಅಲ್ಲಿ ಏನೂ ಮಾಡೋದಿಲ್ಲ. ರಕ್ತ ಸರಿಹೋಯಿತು ಅನ್ನೋ ನೆಮ್ಮದಿಯ ಹಿಂದೆ ನರಗಳು ಸವೆಯುತ್ತಾ ಹೋಗುತ್ತವೆ. ಪಾದದಲ್ಲಿ ಜೋಮು, ಚಪ್ಪಲಿ ಕಾಲಿಂದ ಜಾರಿದ್ದೂ ಗೊತ್ತಾಗದಿರೋದು, ಕತ್ತಲಲ್ಲಿ ನಡೆಯುವಾಗ ತೂರಾಡೋದು. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ತಕ್ಷಣ ಮುಂದಕ್ಕೆ ವಾಲಿ ಗೋಡೆ ಹಿಡಿದುಕೊಳ್ಳಬೇಕಾಗುತ್ತದೆ ಅಂತ ಯಾರಾದರೂ ಹಿರಿಯರು ಹೇಳಿದರೆ ವಯಸ್ಸಾಯಿತು ಬಿಡಿ ಅಂದುಬಿಡಬೇಡಿ. ತಡವಾದರೆ ಈ ನರದ ತೊಂದರೆ ಪೂರ್ತಿ ವಾಸಿಯಾಗದೇ ಉಳಿಯಬಹುದು.

ನಮ್ಮ ಊಟದ ಪದ್ಧತಿಯಲ್ಲಿ ಇದು ದೂರದ ಮಾತಲ್ಲ. ಬೇಳೆ, ಕಾಳು, ಸೊಪ್ಪು ದಿನವೂ ತಿನ್ನೋ ಮನೆಯಲ್ಲಿ ಫೋಲೇಟ್ ಹೇಗೋ ಸಿಗುತ್ತದೆ. ಬಿ12 ಇರೋದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಮಾತ್ರ. ಸಸ್ಯಾಹಾರಿ ಮನೆಯಲ್ಲಿ ಒಂದು ಲೋಟ ಮಜ್ಜಿಗೆ, ಎರಡು ಲೋಟ ಕಾಫಿಯ ಹಾಲು, ಅಷ್ಟರಲ್ಲಿ ಬಿ12 ಸಾಲೋದು ಕಷ್ಟ. ಅದರ ಮೇಲೆ ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ತೆಗೆದುಕೊಂಡರೆ ಇದ್ದದ್ದೂ ಇಳಿಯುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಕೇಳಿದರೆ, ನಮ್ಮಲ್ಲಿ ಫೋಲೇಟನ್ನು ಬಿ12 ಬಿಟ್ಟು ಒಂದೇ ಮಾಡಿಸೋದು ದುಡ್ಡು ದಂಡ.

ಎರಡರ ಅಂಕಿಯೂ ಅಂಚಿನಲ್ಲಿದ್ದು ಯಾವುದು ಕಾರಣ ಅಂತ ಗೊತ್ತಾಗದಿದ್ದರೆ ಇನ್ನೆರಡು ಟೆಸ್ಟ್ ಇವೆ. ಹೋಮೋಸಿಸ್ಟೀನ್ ಎರಡರ ಕೊರತೆಯಲ್ಲೂ ಏರುತ್ತದೆ. ಮೀಥೈಲ್ ಮಲೋನಿಕ್ ಆಸಿಡ್ ಏರೋದು ಬಿ12 ಕೊರತೆಯಲ್ಲಿ ಮಾತ್ರ. ಎರಡನೆಯದು ದುಬಾರಿ, ಎಲ್ಲಾ ಊರಲ್ಲೂ ಮಾಡೋದಿಲ್ಲ, ಕಿಡ್ನಿ ಸರಿ ಇಲ್ಲದವರಲ್ಲಿ ಸುಮ್ಮಸುಮ್ಮನೆ ಏರಿರುತ್ತದೆ. ಎಲ್ಲರಿಗೂ ಬೇಕಾಗಿಲ್ಲ.

ನಾಲ್ಕು ರಿಪೋರ್ಟ್ ಓದೋಣ

ಇವು ನಿಜವಾದ ಯಾರದ್ದೋ ರಿಪೋರ್ಟ್ ಅಲ್ಲ, ಅರ್ಥ ಆಗಲಿ ಅಂತ ನಾನೇ ಹೆಣೆದದ್ದು. ಸಿಬಿಸಿಯಲ್ಲಿ ನೋಡಬೇಕಾದ್ದು ಮೂರು: ಹಿಮೋಗ್ಲೋಬಿನ್, ಕೆಂಪು ಕಣದ ಸರಾಸರಿ ಗಾತ್ರ ಹೇಳುವ ಎಂಸಿವಿ, ಕಣಗಳೆಲ್ಲ ಒಂದೇ ಅಳತೆಯಲ್ಲಿವೆಯೋ ಇಲ್ಲವೋ ಹೇಳುವ ಆರ್‌ಡಿಡಬ್ಲ್ಯೂ. ಎಂಸಿವಿ 80ರಿಂದ 100 ಇದ್ದರೆ ಸಹಜ.

ಎಪ್ಪತ್ತು ದಾಟಿದ ಒಬ್ಬರು ಒಂಟಿಯಾಗಿದ್ದಾರೆ, ಅಡುಗೆ ಬೇಜಾರು, ಕಾಫಿ ಬಿಸ್ಕತ್ತಿನಲ್ಲೇ ಹೊತ್ತು ಕಳೆಯುತ್ತಾರೆ, ರಾತ್ರಿ ಎರಡು ಪೆಗ್. ಹಿಮೋಗ್ಲೋಬಿನ್ 9.1, ಎಂಸಿವಿ 109, ಬಿ12 390 (ಸಾಕಷ್ಟಿದೆ), ಫೋಲೇಟ್ 1.8. ಇಲ್ಲಿ ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿದೆ, ಫೋಲೇಟ್ ಕೊರತೆ. ಕುಡಿತ ಬರೀ ಊಟ ಕೆಡಿಸೋದಲ್ಲ, ಕರುಳು ಫೋಲೇಟ್ ಹೀರಿಕೊಳ್ಳೋದನ್ನೂ ಕೆಡಿಸುತ್ತದೆ. ಇಂಥವರ ರಕ್ತದ ಸ್ಮಿಯರ್ ಅನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಬಿಳಿ ಕಣದ ಕೇಂದ್ರ ಮೂರ್ನಾಲ್ಕು ತುಂಡಾಗಿ ಕಾಣಬೇಕಾದ್ದು ಐದು, ಆರು ತುಂಡಾಗಿ ಕಾಣುತ್ತದೆ. 'ಹೈಪರ್‌ಸೆಗ್ಮೆಂಟೆಡ್ ನ್ಯೂಟ್ರೋಫಿಲ್' ಅಂತ ರಿಪೋರ್ಟ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಅದು ಆ ಫೋಲೇಟ್ ಅಂಕಿಗಿಂತ ದೊಡ್ಡ ಸುಳಿವು. ಆದರೆ ಬಿ12 ಕೊರತೆಯಲ್ಲೂ ಅದು ಹಾಗೇ ಇರುತ್ತದೆ, ನೋಟಕ್ಕೆ ಎರಡೂ ಅವಳಿ ಜವಳಿ.

ಎರಡನೆಯದು ಸಸ್ಯಾಹಾರಿ ಗೃಹಿಣಿಯದು. ಹಿಮೋಗ್ಲೋಬಿನ್ 9.6, ಎಂಸಿವಿ 112, ಫೋಲೇಟ್ 18, ಬಿ12 118 (ಕಮ್ಮಿ). ಮೇಲೆ ಹೇಳಿದ ಸಿಕ್ಕಿಹಾಕಿಕೊಂಡ ಕಥೆ ಇದೇ. ಇವರಿಗೆ ಬೇಕಾದ್ದು ಬಿ12, ಫೋಲಿಕ್ ಆಸಿಡ್ ಅಲ್ಲ.

ಮೂರನೆಯದು ಸುಮ್ನೆ ಹೆಲ್ತ್ ಚೆಕಪ್ ಮಾಡಿಸಿದ ಮೂವತ್ತೈದರ ಯುವಕನದು. ಹಿಮೋಗ್ಲೋಬಿನ್ 14.5, ಎಂಸಿವಿ 88, ಬಿ12 410, ಫೋಲೇಟ್ 3.2. ಈ ಲೇಖನ ಶುರುವಾದ ಅದೇ ಅಂಕಿ. ಒಂದು ತಿಂಗಳಿಂದ ಪ್ರಾಜೆಕ್ಟ್ ಅಂತ ಮೂರೂ ಹೊತ್ತು ಹೊರಗಿನ ಊಟ, ಅದೂ ಬರೀ ಫ್ರೈಡ್ ರೈಸ್. ರಕ್ತದಲ್ಲಿ ಯಾವ ಏರುಪೇರೂ ಇಲ್ಲ. ಇಂಥವರಿಗೆ ಡಾಕ್ಟರು ಬಹುಶಃ ಊಟ ಸರಿ ಮಾಡಿಕೊಳ್ಳಿ ಅಂತಾರೆ, ಬೇಕಿದ್ದರೆ ಸ್ವಲ್ಪ ದಿನಕ್ಕೆ ಮಾತ್ರೆ ಬರೆಯುತ್ತಾರೆ.

ನಾಲ್ಕನೆಯದು ಮೋಸ ಮಾಡೋ ರಿಪೋರ್ಟ್. ಹಿಮೋಗ್ಲೋಬಿನ್ 9.4, ಎಂಸಿವಿ 86, ಆರ್‌ಡಿಡಬ್ಲ್ಯೂ 20 (ಜಾಸ್ತಿ). ಗಾತ್ರ ಸಹಜವಾಗಿದೆ, ಹಾಗಾಗಿ ಫೋಲೇಟ್ ಬಿ12 ಏನೂ ಅಲ್ಲ ಅಂತ ಅನ್ನಿಸುತ್ತದೆ. ಆದರೆ ಕಬ್ಬಿಣಾಂಶ ಕಮ್ಮಿಯಾದರೆ ಕಣ ಚಿಕ್ಕದಾಗುತ್ತದೆ, ಫೋಲೇಟ್ ಕಮ್ಮಿಯಾದರೆ ದೊಡ್ಡದಾಗುತ್ತದೆ, ಎರಡೂ ಒಟ್ಟಿಗೆ ಕಮ್ಮಿಯಾದರೆ ಅರ್ಧ ಚಿಕ್ಕದು ಅರ್ಧ ದೊಡ್ಡದು, ಸರಾಸರಿ ತೆಗೆದಾಗ ಚೆಂದದ ಒಂದು ಅಂಕಿ. ಗುಟ್ಟು ಬಿಟ್ಟುಕೊಡೋದು ಆರ್‌ಡಿಡಬ್ಲ್ಯೂ. ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ ಇರೋ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣೋ ಹೆಂಗಸರಲ್ಲಿ ಈ ಜೋಡಿ ಕೊರತೆ ಅಪರೂಪವಲ್ಲ.

ಸ್ಯಾಂಪಲ್ ಕೆಡೋದು, ಅಂಕಿ ಸುಳ್ಳಾಗೋದು

ಕೆಂಪು ಕಣದೊಳಗೆ ಸೀರಮ್‌ನಲ್ಲಿ ಇರೋದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಫೋಲೇಟ್ ಇರುತ್ತದೆ. ರಕ್ತನಾಳ ಸಿಗದೆ ಎರಡು ಮೂರು ಸಲ ಚುಚ್ಚಿ, ಸಿರಿಂಜ್ ಜೋರಾಗಿ ಎಳೆದು, ಟ್ಯೂಬನ್ನು ಗಡಗಡ ಅಲ್ಲಾಡಿಸಿದರೆ ಕಣಗಳು ಒಡೆಯುತ್ತವೆ. ತಿಳಿ ಹಳದಿ ಇರಬೇಕಾದ ಸೀರಮ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಒಳಗಿನ ಫೋಲೇಟೆಲ್ಲ ಹೊರಗೆ ಬಂದು ರಿಪೋರ್ಟ್‌ನಲ್ಲಿ ಅಂಕಿ ಸುಳ್ಳುಸುಳ್ಳೇ ಏರುತ್ತದೆ. 'ಹಿಮೋಲೈಸ್ಡ್ ಸ್ಯಾಂಪಲ್' ಅಂತ ಷರಾ ಇದ್ದರೆ ಆ ಫೋಲೇಟ್ ಅಂಕಿಯನ್ನು ನಂಬಬೇಡಿ, ಮತ್ತೊಮ್ಮೆ ರಕ್ತ ಕೊಡಿ. ಬೆಳಕು, ಬಿಸಿಗೂ ಫೋಲೇಟ್ ಹಾಳಾಗುತ್ತದೆ. ಬೆಳಿಗ್ಗೆ ಮನೆಯಲ್ಲಿ ತೆಗೆದ ಟ್ಯೂಬ್ ಮಧ್ಯಾಹ್ನದ ತನಕ ಬ್ಯಾಗಿನಲ್ಲಿ ಊರೆಲ್ಲ ಸುತ್ತಿದರೆ ಅಂಕಿ ಇಳಿಯಬಹುದು.

ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಅನೇಕ ಲ್ಯಾಬ್‌ಗಳು ಹೇಳೋದು, ಊಟವಾದ ಮೇಲೆ ಅಂಕಿ ಏರುತ್ತದೆ ಅನ್ನೋ ಕಾರಣಕ್ಕೆ. ನೀರು ಕುಡಿಯಬಹುದು. ಫೋಲಿಕ್ ಆಸಿಡ್ ಇರೋ ಮಾತ್ರೆ ಶುರು ಮಾಡಿದ ಮೇಲೆ ರಕ್ತ ಕೊಟ್ಟರೆ ಮಾತ್ರೆಯನ್ನೇ ಅಳೆದಂತೆ.

ಕೂದಲಿನ ಕ್ಯಾಪ್ಸೂಲ್ ವಿಷಯಕ್ಕೆ ವಾಪಸ್ ಬರೋಣ. ಅದರಲ್ಲಿ ಬಯೋಟಿನ್ ಇರುತ್ತದೆ, ದಿನಕ್ಕೆ ಬೇಕಾದ್ದು ಸುಮಾರು 30 ಮೈಕ್ರೋಗ್ರಾಂ, ಕ್ಯಾಪ್ಸೂಲ್‌ನಲ್ಲಿ 5,000ದಿಂದ 10,000 ಇರೋದು ಮಾಮೂಲು. ಫೋಲೇಟ್ ಅಳೆಯುವ ಹಲವು ಯಂತ್ರಗಳು ತಮ್ಮ ರಾಸಾಯನಿಕದಲ್ಲೇ ಬಯೋಟಿನ್ ಬಳಸುತ್ತವೆ. ನಿಮ್ಮ ರಕ್ತದಲ್ಲಿ ಅದು ತುಂಬಿ ತುಳುಕುತ್ತಿದ್ದರೆ ಲೆಕ್ಕ ತಪ್ಪಿ ಫೋಲೇಟ್, ಬಿ12 ಎರಡೂ ಇರೋದಕ್ಕಿಂತ ಜಾಸ್ತಿ ತೋರಿಸಬಹುದು, ಅದೇ ಟ್ಯೂಬಿನ ಥೈರಾಯ್ಡ್ ಟಿಎಸ್‌ಎಚ್ ಕಮ್ಮಿ ತೋರಿಸಬಹುದು. ಎರಡು ಮೂರು ದಿನ ಮುಂಚೆಯೇ ನಿಲ್ಲಿಸಿ ಅಂತ ಅನೇಕ ಲ್ಯಾಬ್‌ಗಳು ಹೇಳುತ್ತವೆ. ಸಂಧಿವಾತಕ್ಕೋ ಸೋರಿಯಾಸಿಸ್‌ಗೋ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಲ್ಲೂ ಅಂಕಿ ತಪ್ಪಾಗಬಹುದು, ಆ ಔಷಧಿಯ ರಚನೆ ಫೋಲೇಟ್ ಥರವೇ ಇದೆ. ಅದನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ರಕ್ತ ತೆಗೆಯೋರಿಗೂ ಡಾಕ್ಟರಿಗೂ ಹೇಳಿ ಸಾಕು.

ಬಸುರಿಯರಿಗೆ ಟೆಸ್ಟ್ ಬೇಕಾ?

ಸಾಮಾನ್ಯವಾಗಿ ಬೇಡ. ಮಾತ್ರೆ ಬೇಕು. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಮುಚ್ಚಿಕೊಳ್ಳೋದು ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ, ಅಂದರೆ ಅನೇಕರಿಗೆ ಮುಟ್ಟು ನಿಂತಿದ್ದು ಖಾತ್ರಿ ಆಗೋದರೊಳಗೆ. ಟೆಸ್ಟ್ ಮಾಡಿಸಿ, ರಿಪೋರ್ಟ್ ಬಂದು, ಮಾತ್ರೆ ಶುರು ಮಾಡೋಷ್ಟು ಹೊತ್ತು ಅಲ್ಲಿಲ್ಲ. ಅದಕ್ಕೇ ಮಗು ಬೇಕು ಅಂತ ಯೋಚಿಸುತ್ತಿರುವಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರು ಮಾಡಿ ಮೊದಲ ಮೂರು ತಿಂಗಳು ಮುಂದುವರಿಸಿ ಅನ್ನೋದು. ಆಮೇಲೆ ಆಶಾ ಕಾರ್ಯಕರ್ತೆಯರು, ಪಿಎಚ್‌ಸಿಯವರು ಕೊಡೋ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ.

ಅಂಗಡಿಯಲ್ಲಿ ಸುಲಭವಾಗಿ ಸಿಗೋ ಮಾತ್ರೆ 5 ಮಿಲಿಗ್ರಾಂನದು, ಅಂದರೆ 400ಕ್ಕೆ ಹನ್ನೆರಡು ಪಟ್ಟಿಗಿಂತ ಜಾಸ್ತಿ. ಹಿಂದಿನ ಮಗುವಿಗೆ ಬೆನ್ನುಹುರಿ ದೋಷ ಇದ್ದವರಿಗೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ, ಇನ್ನು ಕೆಲವರಿಗೆ ಡಾಕ್ಟರು ಅದನ್ನೇ ಬರೆಯುತ್ತಾರೆ. ಹಿಂದಿನ ಮಗುವಿಗೆ ಈ ದೋಷ ಇದ್ದವರಿಗೆ 4 ಮಿಲಿಗ್ರಾಂ ಕೊಟ್ಟಾಗ ಮತ್ತೆ ಅದೇ ದೋಷ ಬರೋದು ನೂರಕ್ಕೆ 72ರಷ್ಟು ತಗ್ಗಿತು ಅಂತ 1991ರ ಬ್ರಿಟಿಷ್ ಅಧ್ಯಯನ ತೋರಿಸಿದೆ. ಉಳಿದವರಿಗೆ ಅಷ್ಟು ಬೇಕಾಗಿಲ್ಲ.

ಊಟ, ಆಮೇಲೆ ಮರುಪರೀಕ್ಷೆ

ಐಸಿಎಂಆರ್ 2020ರ ಲೆಕ್ಕದಲ್ಲಿ ದಿನಕ್ಕೆ ಗಂಡಸರಿಗೆ 300, ಹೆಂಗಸರಿಗೆ 220, ಬಸುರಿಯರಿಗೆ 570 ಮೈಕ್ರೋಗ್ರಾಂ ಬೇಕು. ಪಾಲಕ್, ದಂಟು, ಮೆಂತ್ಯ ಸೊಪ್ಪು, ಹೆಸರುಕಾಳು, ಅಲಸಂದೆ, ಕಡಲೆಕಾಳು ಎಲ್ಲದರಲ್ಲೂ ಫೋಲೇಟ್ ಚೆನ್ನಾಗಿದೆ. ಆದರೆ ಅದು ನೀರಿನಲ್ಲಿ ಕರಗುತ್ತದೆ, ಜಾಸ್ತಿ ಹೊತ್ತು ಬೇಯಿಸಿದರೆ ಹಾಳಾಗುತ್ತದೆ. ಹರ್ಬರ್ಟ್ ಮೂರು ಸಲ ನೀರು ಚೆಲ್ಲಿದ್ದು ಅದಕ್ಕೇ. ನಮ್ಮ ಬಸ್ಸಾರು ಇದಕ್ಕೆ ತದ್ವಿರುದ್ಧ: ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಅದರಲ್ಲೇ ಸಾರು, ಬೆಂದದ್ದರಲ್ಲಿ ಪಲ್ಯ. ಪಡಿತರದಲ್ಲಿ ಕೊಟ್ಟ ಸಾರವರ್ಧಿತ ಅಕ್ಕಿಯಲ್ಲಿ ನಡುನಡುವೆ ಕಾಣೋ ಬೇರೆ ಬಣ್ಣದ ಕಾಳನ್ನು ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಬಿಸಾಡೋರಿದ್ದಾರೆ. ಅದರಲ್ಲಿ ಸೇರಿಸಿರೋದು ಕಬ್ಬಿಣ, ಫೋಲಿಕ್ ಆಸಿಡ್ ಮತ್ತು ಬಿ12.

ನಿಜವಾಗಲೂ ಕೊರತೆ ಅಂತ ಗೊತ್ತಾಗಿ, ಬಿ12 ಸರಿ ಇದೆ ಅಂತ ನೋಡಿಕೊಂಡು ಚಿಕಿತ್ಸೆ ಶುರುವಾದ ಮೇಲೆ ಸೀರಮ್ ಫೋಲೇಟನ್ನು ಮತ್ತೆ ಮತ್ತೆ ಮಾಡಿಸಬೇಡಿ. ಅದು ಏರೇ ಏರುತ್ತದೆ, ನೀವು ಮಾತ್ರೆ ನುಂಗಿದ್ದೀರಿ ಅಂತ ಬಿಟ್ಟರೆ ಬೇರೇನೂ ಹೇಳೋದಿಲ್ಲ. ನೋಡಬೇಕಾದ್ದು ಸಿಬಿಸಿ. ಒಂದು ವಾರದೊಳಗೆ ರೆಟಿಕ್ಯುಲೊಸೈಟ್, ಅಂದರೆ ಎಳೆಯ ಕೆಂಪು ಕಣಗಳು, ಏರಬೇಕು. ಹಿಮೋಗ್ಲೋಬಿನ್ ಒಂದೆರಡು ತಿಂಗಳಲ್ಲಿ ಸರಿಹೋಗಬೇಕು. ಚಿಕಿತ್ಸೆ ಸಾಮಾನ್ಯವಾಗಿ ನಾಲ್ಕು ತಿಂಗಳು, ಹಳೆಯ ಕೆಂಪು ಕಣಗಳೆಲ್ಲ ಹೋಗಿ ಹೊಸವು ಬರುವ ತನಕ. ಊಟ ಚೆನ್ನಾಗಿದ್ದೂ ಕೊರತೆ ಬಂದಿದ್ದರೆ, ಇಲ್ಲವೇ ಮಾತ್ರೆ ನಿಲ್ಲಿಸಿದ ಮೇಲೆ ಮರುಕಳಿಸಿದರೆ ಡಾಕ್ಟರು ಕಾರಣ ಹುಡುಕುತ್ತಾರೆ: ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಕೆಂಪು ಕಣ ಬೇಗ ಬೇಗ ಒಡೆಯುವ ಸಿಕಲ್ ಸೆಲ್‌ನಂಥ ತೊಂದರೆ, ಫಿಟ್ಸ್‌ಗೆ ಕೊಡೋ ಫೆನಿಟಾಯಿನ್. ಈ ಕೊನೆಯದರಲ್ಲಿ ಇನ್ನೊಂದು ತೊಡಕಿದೆ. ಫೆನಿಟಾಯಿನ್ ಫೋಲೇಟನ್ನು ಇಳಿಸುತ್ತದೆ, ಫೋಲಿಕ್ ಆಸಿಡ್ ಜಾಸ್ತಿ ತೆಗೆದುಕೊಂಡರೆ ಅದು ಫೆನಿಟಾಯಿನ್ ಮಟ್ಟವನ್ನೇ ಇಳಿಸುತ್ತದೆ, ನಿಂತಿದ್ದ ಫಿಟ್ಸ್ ಮತ್ತೆ ಬರಬಹುದು. ಹಾಗಾಗಿ ಫಿಟ್ಸ್ ಮಾತ್ರೆ ತೆಗೆದುಕೊಳ್ಳೋರು ಈ ಹಳದಿ ಮಾತ್ರೆಯನ್ನು ಅಂಗಡಿಯಿಂದ ತಾವಾಗಿ ತರೋದು ಬೇಡ, ನರರೋಗದ ಡಾಕ್ಟರನ್ನು ಮೊದಲು ಕೇಳಿ.